ಪಾಸ್‌ವರ್ಡ್ ಸರಿ ಇದ್ದರೂ ವೆಬ್‌ಮೇಲ್ ಮತ್ತೆ ಲಾಗಿನ್ ಪುಟಕ್ಕೇ ತಂದು ನಿಲ್ಲಿಸುತ್ತಿದೆ

ಶಿರಸಿ ಸೊಸೈಟಿ:
ನಮ್ಮ ಸಹಕಾರಿ ಸಂಘದ ಮೇಲ್ ಸ್ವಂತ ಡೊಮೇನ್‌ನಲ್ಲಿದೆ, ರೌಂಡ್‌ಕ್ಯೂಬ್ ಎಂಬ ವೆಬ್‌ಮೇಲ್ ತಂತ್ರಾಂಶದಲ್ಲಿ ತೆರೆದು ನೋಡುತ್ತೇವೆ. ವಿಂಡೋಸ್ 10, ಕ್ರೋಮ್. ಕಳೆದ ವಾರದಿಂದ ಹೆಸರು, ಪಾಸ್‌ವರ್ಡ್ ಹಾಕಿ ಒತ್ತಿದರೆ ಮತ್ತೆ ಅದೇ ಲಾಗಿನ್ ಪುಟ. ಸೆಷನ್ (ಲಾಗಿನ್ ಆಗಿರುವ ಅವಧಿ) ಸರಿಯಿಲ್ಲ ಅಥವಾ ಅವಧಿ ಮುಗಿದಿದೆ ಎಂಬ ಇಂಗ್ಲಿಷ್ ಸಂದೇಶ ಬರುತ್ತದೆ. ಬೇಕೆಂದೇ ತಪ್ಪು ಪಾಸ್‌ವರ್ಡ್ ಹಾಕಿದರೆ ಸಂದೇಶವೇ ಬೇರೆ, ಹಾಗಾಗಿ ಪಾಸ್‌ವರ್ಡ್ ತಪ್ಪಿಲ್ಲ. ಮೊಬೈಲ್‌ನಲ್ಲಿ ಸಲೀಸಾಗಿ ತೆರೆಯುತ್ತದೆ. ಕಂಪ್ಯೂಟರ್‌ನಲ್ಲಿ ಕ್ಯಾಶ್ ಎರಡು ಸಲ ಅಳಿಸಿದ್ದಾಯಿತು. ಅದೇ ಕ್ರೋಮ್‌ನಲ್ಲಿ ಜಿಮೇಲ್ ತೆರೆಯುತ್ತದೆ, ಆದರೆ ದಿನಾ ಬೆಳಿಗ್ಗೆ ಪಾಸ್‌ವರ್ಡ್ ಕೇಳುತ್ತದೆ. ಆಡಿಟ್ ಪತ್ರಗಳೆಲ್ಲ ಸಂಘದ ಮೇಲ್‌ಗೇ ಬರುವುದು, ತುರ್ತಾಗಿ ಬೇಕಿತ್ತು. ಎಲ್ಲಿಂದ ಹುಡುಕಬೇಕು?

ಹೊನ್ನಾವರ ಪೇಟೆ:
ಸೆಟ್ಟಿಂಗ್ಸ್‌ನಲ್ಲಿ ಥರ್ಡ್ ಪಾರ್ಟಿ ಕುಕೀಸ್ ಎಲ್ಲ ಅಲೋ ಮಾಡಿ ನೋಡಿ. ಬಹಳ ಕಡೆ ಇದರಿಂದಲೇ ಸರಿಹೋಗಿದೆ.

ಕುಮಟಾ ನೆಟ್‌ವರ್ಕ್:
ಹೊನ್ನಾವರದವರು ಹೇಳಿದ್ದು ಈ ಕೇಸಿಗೆ ಹೊಂದುವುದಿಲ್ಲ. ವೆಬ್‌ಮೇಲನ್ನು ಅದರದೇ ಟ್ಯಾಬ್‌ನಲ್ಲಿ ತೆರೆದಾಗ ಅದರ ಕುಕಿ ಫಸ್ಟ್ ಪಾರ್ಟಿ, ಅಂದರೆ ತೆರೆದ ಸೈಟಿನದೇ. ಪುಟದೊಳಗಿನ ಬೇರೆ ಸೈಟಿನದಾದರೆ ಥರ್ಡ್ ಪಾರ್ಟಿ. ಬೇರೊಂದು ಪೋರ್ಟಲ್‌ನ ಒಳಗೆ ಚೌಕಟ್ಟಿನಲ್ಲಿ ಮೇಲ್ ತೋರಿಸುತ್ತಿದ್ದರೆ ಮಾತ್ರ ಥರ್ಡ್ ಪಾರ್ಟಿ ಪ್ರಶ್ನೆ ಬರುತ್ತದೆ. ಸುಮ್ಮನೆ ಎಲ್ಲ ತೆರೆದಿಟ್ಟರೆ ಜಾಹೀರಾತಿನವರು ಬೆನ್ನು ಹತ್ತುತ್ತಾರೆ, ಮೇಲ್ ಮಾತ್ರ ತೆರೆಯುವುದಿಲ್ಲ.

ಸೊಸೈಟಿಯವರೇ, ಕ್ಯಾಶ್ ಬೇರೆ, ಕುಕಿ ಬೇರೆ. ಕ್ಯಾಶ್‌ನಲ್ಲಿ ಇರುವುದು ಚಿತ್ರ, ಪುಟದ ವಿನ್ಯಾಸದಂಥವು, ಅದನ್ನು ಅಳಿಸಿ ಇಲ್ಲಿ ಏನೂ ಆಗದು. ವೆಬ್ ಸರ್ವರ್‌ಗೆ ನೆನಪಿನ ಶಕ್ತಿ ಇಲ್ಲ. ನೀವು ಒತ್ತುವ ಪ್ರತಿ ಕೊಂಡಿಯೂ ಅದಕ್ಕೆ ಹೊಸಬರಿಂದ ಬಂದಂತೆ. ಲಾಗಿನ್ ಆದಾಗ ಅದು ಒಂದು ಚೀಟಿ ಕೊಡುತ್ತದೆ, ಅದೇ ಕುಕಿ. ಮುಂದಿನ ಸಲ ಬ್ರೌಸರ್ ಆ ಚೀಟಿ ತೋರಿಸದಿದ್ದರೆ ಮತ್ತೆ ಬಾಗಿಲಿಗೇ ಕಳಿಸುತ್ತದೆ. ನಿಮಗೆ ಆಗುತ್ತಿರುವುದು ಅದೇ.

ಚೀಟಿ ಎಲ್ಲಿ ತಪ್ಪುತ್ತಿದೆ ಅಂತ ಕಣ್ಣಾರೆ ನೋಡಬಹುದು. ಲಾಗಿನ್ ಪುಟ ತೆರೆದು ಎಫ್12 ಒತ್ತಿ, ಅಪ್ಲಿಕೇಶನ್ ಟ್ಯಾಬ್, ಎಡಗಡೆ ಕುಕೀಸ್, ಅದರಡಿ ನಿಮ್ಮ ವೆಬ್‌ಮೇಲ್ ವಿಳಾಸ. ಲಾಗಿನ್‌ಗೂ ಮೊದಲೇ ರೌಂಡ್‌ಕ್ಯೂಬ್_ಸೆಸ್‌ಐಡಿ ಎಂಬ ಕುಕಿ ಕಾಣಬೇಕು. ಲಾಗಿನ್ ಆದ ಮೇಲೆ ರೌಂಡ್‌ಕ್ಯೂಬ್_ಸೆಸ್‌ಆತ್ ಅಂತ ಇನ್ನೊಂದು. ಮೊದಲನೆಯದೇ ಇಲ್ಲದಿದ್ದರೆ ಕುಕಿ ಉಳಿಯುತ್ತಲೇ ಇಲ್ಲ ಎಂದರ್ಥ. ಜಿಮೇಲ್ ತೆರೆಯುವುದರಿಂದ ಎಲ್ಲ ಸೈಟಿಗೂ ತಡೆ ಇಲ್ಲ ಎಂಬುದು ಖಚಿತ, ಈ ಒಂದು ವಿಳಾಸಕ್ಕೆ ಮಾತ್ರ ಏನೋ ಅಡ್ಡ ಬಂದಿದೆ.

ಜಿಮೇಲ್ ಬೆಳಿಗ್ಗೆ ಬೆಳಿಗ್ಗೆ ಕೇಳುವುದು ಬೇರೆಯೇ ಕಾರಣಕ್ಕೆ. ಸೆಟ್ಟಿಂಗ್ಸ್, ಪ್ರೈವಸಿ ಆಂಡ್ ಸೆಕ್ಯುರಿಟಿ, ಸೈಟ್ ಸೆಟ್ಟಿಂಗ್ಸ್, ಕೆಳಗೆ ಅಡಿಷನಲ್ ಕಂಟೆಂಟ್ ಸೆಟ್ಟಿಂಗ್ಸ್, ಅದರಲ್ಲಿ ಆನ್-ಡಿವೈಸ್ ಸೈಟ್ ಡೇಟಾ. ಎಲ್ಲ ಕಿಟಕಿ ಮುಚ್ಚಿದಾಗ ಡೇಟಾ ಅಳಿಸು ಎಂಬ ಎರಡನೇ ಆಯ್ಕೆಯಲ್ಲಿ ಚುಕ್ಕೆ ಇರುತ್ತದೆ, ನೋಡಿ. ಅದೇ ಪುಟದ ಕೆಳಗೆ ಡೇಟಾ ಉಳಿಸಲು ಅನುಮತಿ ಇಲ್ಲದ ಸೈಟುಗಳ ಪಟ್ಟಿಯೂ ಇದೆ, ನಿಮ್ಮ ಡೊಮೇನ್ ಅಲ್ಲಿದ್ದರೆ ತೆಗೆಯಿರಿ.

ಕಾರವಾರ ಸರ್ವರ್ ಕೋಣೆ:
ಕುಮಟಾದವರ ಮಾತಿಗೆ ಎರಡು ಸೇರಿಸುತ್ತೇನೆ.

ಪರೀಕ್ಷೆಗೆ ಇನ್‌ಕಾಗ್ನಿಟೋ (ಗುಟ್ಟಿನ ಕಿಟಕಿ) ಸಾಲದು, ನಿಮ್ಮ ಪ್ರೊಫೈಲ್‌ನ ತಡೆಗಳು ಅಲ್ಲಿಗೂ ಬರುತ್ತವೆ. ಮೇಲ್ಗಡೆ ಪ್ರೊಫೈಲ್ ಚಿತ್ರ ಒತ್ತಿ ಗೆಸ್ಟ್ ಕಿಟಕಿ ತೆರೆಯಿರಿ. ಅಲ್ಲಿ ತೆರೆದರೆ ದೋಷ ನಿಮ್ಮ ಪ್ರೊಫೈಲ್‌ನ ಸೆಟ್ಟಿಂಗ್, ಎಕ್ಸ್‌ಟೆನ್ಷನ್ (ಕ್ರೋಮ್‌ಗೆ ಸೇರಿಸಿದ ಕಿರು ತಂತ್ರಾಂಶ) ಅಥವಾ ಅಲ್ಲಿ ಉಳಿದ ಹಳೆಯ ಕುಕಿಯದು. ಹೇಗೇ ಆದರೂ ವಿಳಾಸ ನೋಡಿ: ಗೂಢಲಿಪಿಯ ಭದ್ರತೆ ಇರುವ ಎಚ್‌ಟಿಟಿಪಿಎಸ್ ಇದೆಯೋ, ಅದಿಲ್ಲದ ಬರೀ ಎಚ್‌ಟಿಟಿಪಿಯೋ? ಕುಕಿಗೆ ಸೆಕ್ಯೂರ್ ಎಂಬ ಗುರುತಿದ್ದರೆ ಬ್ರೌಸರ್ ಅದನ್ನು ಎಚ್‌ಟಿಟಿಪಿ ಪುಟಕ್ಕೆ ಕೊಡುವುದಿಲ್ಲ. ಆ ಪುಟ ಅದೇ ಹೆಸರಿನ ಹೊಸ ಕುಕಿ ಬರೆಯಲು ಹೋದರೂ ಹಳೆಯ ಸೆಕ್ಯೂರ್ ಕುಕಿಯ ಮೇಲೆ ಬರೆಯಲು ಬಿಡುವುದಿಲ್ಲ. ಆಗ ಪಾಸ್‌ವರ್ಡ್ ಎಷ್ಟು ಸಲ ಹಾಕಿದರೂ ಸುತ್ತಿ ಸುತ್ತಿ ಅದೇ ಪುಟ.

ಕಂಪ್ಯೂಟರ್‌ನ ತಾರೀಖೂ ನೋಡಿ. ಶಿರಸಿಯ ಮಳೆಗಾಲದಲ್ಲಿ ಕರೆಂಟ್ ಹೋಗಿ ಬರುವುದು ಹೆಚ್ಚು. ಮದರ್‌ಬೋರ್ಡ್ ಮೇಲಿನ ಬಿಲ್ಲೆ ಬ್ಯಾಟರಿ ಸತ್ತಿದ್ದರೆ ಪ್ರತಿ ಸಲವೂ ಗಡಿಯಾರ ಹಲವು ವರ್ಷ ಹಿಂದಕ್ಕೆ ಹೋಗುತ್ತದೆ. ಆಗ ಎಚ್‌ಟಿಟಿಪಿಎಸ್ ಪುಟಕ್ಕೆ ಸರ್ಟಿಫಿಕೇಟ್ (ಸೈಟಿನ ಗುರುತಿನ ಪತ್ರ) ದಿನಾಂಕದ ಎಚ್ಚರಿಕೆ ಬರುತ್ತದೆ. ಅದನ್ನು ತಪ್ಪಿಸಲು ಯಾರೋ ಎಸ್ ತೆಗೆದು ಎಚ್‌ಟಿಟಿಪಿ ಎಂದು ಬುಕ್‌ಮಾರ್ಕ್ ಮಾಡಿಟ್ಟಿರುತ್ತಾರೆ.

ಶಿರಸಿ ಸೊಸೈಟಿ:
ಕಾರವಾರದವರು ಹೇಳಿದ ಹಾಗೇ ಇದೆ. ಬುಕ್‌ಮಾರ್ಕ್ ಎಚ್‌ಟಿಟಿಪಿ. ಸೆಸ್‌ಐಡಿ ಕುಕಿಯ ಸೆಕ್ಯೂರ್ ಸಾಲಿನಲ್ಲಿ ಟಿಕ್ ಇದೆ. ತಾರೀಖನ್ನು ಹಿಂದಿನ ವಾರವೇ ಕೈಯಿಂದ ಸರಿಮಾಡಿದ್ದೆವು, ಬುಕ್‌ಮಾರ್ಕ್ ಹಾಗೇ ಉಳಿದುಬಿಟ್ಟಿದೆ. ಆನ್-ಡಿವೈಸ್‌ನಲ್ಲಿ ಚುಕ್ಕೆ ಎರಡನೆಯದರಲ್ಲೇ ಇದೆ. ಆದರೆ ಈ ಕಂಪ್ಯೂಟರ್ ಮೂವರು ಬಳಸುವುದು, ಮುಚ್ಚಿದಾಗ ಎಲ್ಲ ಅಳಿಯಲಿ ಅಂತಲೇ ಹಾಗೆ ಇಟ್ಟಿದ್ದು.

ಕಾರವಾರ ಸರ್ವರ್ ಕೋಣೆ:
ಹಾಗಾದರೆ ಆ ಚುಕ್ಕೆ ಅಲ್ಲೇ ಇರಲಿ, ಒಳ್ಳೆಯ ಅಭ್ಯಾಸ. ಮೂವರ ಕಂಪ್ಯೂಟರ್‌ನಲ್ಲಿ ಬೆಳಿಗ್ಗೆ ಒಮ್ಮೆ ಪಾಸ್‌ವರ್ಡ್ ಹಾಕುವುದು ದೊಡ್ಡ ತೊಂದರೆಯಲ್ಲ.

ಈಗ ಆ ಬುಕ್‌ಮಾರ್ಕ್ ಅಳಿಸಿ. ಕುಕಿ ಅಳಿಸಲು ಡಿಲೀಟ್ ಬ್ರೌಸಿಂಗ್ ಡೇಟಾಕ್ಕೆ ಹೋಗಬೇಡಿ, ಅದು ಬೇರೆ ಸೈಟುಗಳದ್ದನ್ನೂ ಒರೆಸಿಹಾಕುತ್ತದೆ. ಎಫ್12ನಲ್ಲಿ ನೋಡಿದ ಆ ವಿಳಾಸದ ಮೇಲೆ ರೈಟ್ ಕ್ಲಿಕ್ ಮಾಡಿ ಕ್ಲಿಯರ್ ಕೊಡಿ. ಎಚ್‌ಟಿಟಿಪಿಎಸ್ ಎಂದು ಪೂರ್ತಿ ಬರೆದು ತೆರೆಯಿರಿ, ಲಾಗಿನ್ ಆಗಿ, ಆಮೇಲೆ ಬುಕ್‌ಮಾರ್ಕ್ ಮಾಡಿ. ನಿಮ್ಮ ಮೇಲ್ ಇಟ್ಟಿರುವ ಹೋಸ್ಟಿಂಗ್‌ನವರು ಸಿಪ್ಯಾನೆಲ್ ಎಂಬ ನಿರ್ವಹಣಾ ತಂತ್ರಾಂಶ ಬಳಸಿ ಅದರ ಪೋರ್ಟ್‌ನಲ್ಲೇ (ಸರ್ವರ್‌ನ ಬಾಗಿಲು ಸಂಖ್ಯೆ) ಮೇಲ್ ಕೊಟ್ಟಿದ್ದರೆ, ವಿಳಾಸದಲ್ಲಿ ಡೊಮೇನ್ ಹೆಸರಿನ ನಂತರ 2096 ಬರಬೇಕು. 2095 ಕಂಡರೆ ಅದು ಎಸ್ ಇಲ್ಲದ ಬಾಗಿಲು.

ಬ್ಯಾಟರಿ ಬದಲಿಸದಿದ್ದರೆ ಮುಂದಿನ ಕರೆಂಟ್ ಕಟ್‌ಗೆ ಇದೇ ಕತೆ. ಬಹುತೇಕ ಡೆಸ್ಕ್‌ಟಾಪ್‌ಗೆ ಬೇಕಾದದ್ದು ಸಿಆರ್2032, 3 ವೋಲ್ಟ್‌ನದು. ಕಂಪ್ಯೂಟರ್ ಆಫ್ ಮಾಡಿ, ಕರೆಂಟಿನ ವೈರ್ ತೆಗೆದು, ಪಕ್ಕದ ಮುಚ್ಚಳ ತೆಗೆದರೆ ಕಾಣುತ್ತದೆ. ಕ್ಲಿಪ್ ಒತ್ತಿದರೆ ಹಳೆಯದು ಏಳುತ್ತದೆ, ಹೊಸದನ್ನು ಪ್ಲಸ್ ಗುರುತು ಮೇಲೆ ಬರುವಂತೆ ಕೂರಿಸಿ. ಮೊದಲ ಸಲ ಆನ್ ಮಾಡಿದಾಗ ಬಯಾಸ್‌ನಲ್ಲಿ (ವಿಂಡೋಸ್‌ಗೂ ಮೊದಲು ಬರುವ ಸೆಟ್ಟಿಂಗ್ ಪರದೆ) ತಾರೀಖು ಹಾಕಿ. ವಿಂಡೋಸ್‌ನಲ್ಲಿ ಡೇಟ್ ಆಂಡ್ ಟೈಮ್‌ಗೆ ಹೋಗಿ ಸಿಂಕ್ ನೌ ಒತ್ತಿ.

ಶಿರಸಿ ಸೊಸೈಟಿ:
ಎಸ್ ಸೇರಿಸಿ, ಕುಕಿ ಅಳಿಸಿದ ಕೂಡಲೇ ತೆರೆಯಿತು. ಬಹಳ ಉಪಕಾರವಾಯಿತು. ಆದರೆ ಬರೆಯುತ್ತಾ ಕೂತು ಸ್ವಲ್ಪ ಎದ್ದು ಹೋಗಿ ಬಂದರೆ ಹೊರಗೆ ಹಾಕುತ್ತದೆ, ಇದೂ ಕುಕಿಯೇ?

ಕುಮಟಾ ನೆಟ್‌ವರ್ಕ್:
ಅದು ಸರ್ವರ್ ಕಡೆಯದು. ರೌಂಡ್‌ಕ್ಯೂಬ್‌ನಲ್ಲಿ ಸೆಷನ್ ಅವಧಿ ಮೂಲತಃ 10 ನಿಮಿಷ. ಪುಟ ತೆರೆದಿರುವಷ್ಟು ಹೊತ್ತು ಅದು ತಾನೇ ಆಗಾಗ ಸರ್ವರ್ ಮುಟ್ಟಿ ಬರುತ್ತದೆ. ಕಂಪ್ಯೂಟರ್ ಸ್ಲೀಪ್‌ಗೆ ಹೋದರೆ, ನೆಟ್ ನಿಂತರೆ ಆ ಮುಟ್ಟುವಿಕೆ ತಪ್ಪುತ್ತದೆ. ಹೋಸ್ಟಿಂಗ್‌ನವರಿಗೆ ಸೆಷನ್_ಲೈಫ್‌ಟೈಮ್ 30 ಮಾಡಲು ಕೇಳಿ. ಬ್ರಾಡ್‌ಬ್ಯಾಂಡ್ ಹೋದಾಗ ಮೊಬೈಲ್ ಹಾಟ್‌ಸ್ಪಾಟ್‌ಗೆ ಬದಲಿಸುತ್ತೀರಾದರೆ ಐಪಿ (ನಿಮ್ಮ ಸಂಪರ್ಕದ ವಿಳಾಸ ಸಂಖ್ಯೆ) ನೋಡುವ ಐಪಿ_ಚೆಕ್ ಆನ್ ಇದೆಯೋ ಎಂದೂ ಕೇಳಿ. ಅದು ಮೂಲದಲ್ಲಿ ಆಫ್, ಆದರೆ ಆನ್ ಮಾಡಿದ್ದರೆ ಐಪಿ ಬದಲಾದ ಕೂಡಲೇ ಸೆಷನ್ ಮುರಿಯುತ್ತದೆ. ಅಲ್ಲಿಯವರೆಗೆ ಉದ್ದದ ಪತ್ರ ಬರೆಯುವಾಗ ಮಧ್ಯೆ ಏಳುವ ಮೊದಲು ಸೇವ್ ಒತ್ತಿ, ಡ್ರಾಫ್ಟ್ಸ್‌ನಲ್ಲಿ ಉಳಿದಿರುತ್ತದೆ.