ಬಾಣಂತನಕ್ಕೆ ಒಬ್ಬಳೇ ಡಲ್ಲಾಸ್‌ಗೆ ಹೊರಟಿದ್ದೇನೆ, ಏನೇನು ತಯಾರಿ ಬೇಕು?

ತಿಪಟೂರಿನ ಅಮ್ಮ:
ನನಗೆ 58 ವರ್ಷ. ಇದುವರೆಗೆ ವಿಮಾನ ಹತ್ತಿದವಳಲ್ಲ. ಮುಂದಿನ ತಿಂಗಳು ಮಗಳ ಬಾಣಂತನಕ್ಕೆ ಡಲ್ಲಾಸ್‌ಗೆ ಹೋಗಬೇಕು. ಯಜಮಾನರಿಗೆ ತೋಟ ಬಿಟ್ಟು ಬರಲು ಆಗುವುದಿಲ್ಲ, ಹಾಗಾಗಿ ಒಬ್ಬಳೇ. ಬೆಂಗಳೂರಿನಿಂದ ದುಬೈಗೆ 4 ಗಂಟೆ, ಅಲ್ಲಿಂದ ಮುಂದೆ ಸುಮಾರು 16 ಗಂಟೆಯಂತೆ. ಮಂಡಿ ನೋವಿದೆ, ಇಂಗ್ಲಿಷ್ ಅಷ್ಟಕ್ಕಷ್ಟೆ. ಅಂಟಿನುಂಡೆಗೆ ಅಂತ ನಮ್ಮ ತೋಟದ್ದೇ 5 ಕೆ.ಜಿ. ಕೊಬ್ಬರಿ ತೆಗೆದಿಟ್ಟಿದ್ದೇನೆ. ದುಡ್ಡು ಎಷ್ಟು ಒಯ್ಯಬೇಕು, ಹೇಗೆ ಒಯ್ಯಬೇಕು? ತಿಳಿದವರು ಹೇಳಿ.

ಹಾಸನದವಳು:
ಅಕ್ಕ, ಮೊದಲು ಆ ಕೊಬ್ಬರಿ ಪಕ್ಕಕ್ಕಿಡಿ. 2022ರಿಂದ ಲಗೇಜಿಗೆ ಹಾಕುವ ಪೆಟ್ಟಿಗೆಯಲ್ಲಿ ಒಣಕೊಬ್ಬರಿ ಬಿಡುವುದಿಲ್ಲ. ಎಣ್ಣೆ ಜಾಸ್ತಿ ಅಲ್ವಾ, ತಾನೇ ಬಿಸಿಯಾಗಿ ಬೆಂಕಿ ಹತ್ತಬಹುದು. ನನಗೆ ಇದು ಗೊತ್ತಿರಲಿಲ್ಲ. ಪೆಟ್ಟಿಗೆ ಕೊಟ್ಟಾದ ಮೇಲೆ ಕರೆದು ಬಿಚ್ಚಿಸಿದರು. ಹತ್ತಿ ಸೀರೆಯಲ್ಲಿ ಸುತ್ತಿಟ್ಟಿದ್ದ ಹನ್ನೆರಡು ಗಿಟುಕು ಒಂದೊಂದೇ ಹೊರಗೆ ಬಂದವು. ಅಷ್ಟನ್ನೂ ಅಲ್ಲೇ ಬಿಟ್ಟು ಬಂದೆ, ತುಂಬಾ ಸಂಕಟವಾಯಿತು. ಡಲ್ಲಾಸ್‌ನ ಇಂಡಿಯನ್ ಅಂಗಡಿಗಳಲ್ಲಿ ಕೊಬ್ಬರಿ ಸಿಗುತ್ತದೆ. ಅಂಟು, ಉತ್ತತ್ತಿ, ಮೆಂತ್ಯ ಒಯ್ಯಿರಿ. ಹಸಿ ಕರಿಬೇವು ಮಾತ್ರ ಬೇಡ. ಅಲ್ಲಿ ಇಳಿದಾಗ ತಿನ್ನುವ ಪದಾರ್ಥ ಇದೆಯಾ ಎಂದು ಕೇಳಿದರೆ ಇದೆ ಎಂದೇ ಹೇಳಿ. ಮುಚ್ಚಿಟ್ಟರೆ ದಂಡ ಬೀಳಬಹುದು.

ಮಗಳಿಗೆ ಹೇಳಿ ಟಿಕೆಟ್‌ನಲ್ಲೇ ವೀಲ್‌ಚೇರ್ ಹಾಕಿಸಿ. ಸಂಕೋಚ ಬೇಡ. ದುಬೈನಲ್ಲಿ ಒಂದು ಗೇಟಿನಿಂದ ಇನ್ನೊಂದಕ್ಕೆ ತುಂಬಾ ನಡಿಗೆ. ಅವರೇ ಕರೆದೊಯ್ದು ಬಿಡುತ್ತಾರೆ, ಭಾಷೆಯ ಭಯವೂ ಅರ್ಧ ಕಳೆಯುತ್ತದೆ. ಊಟಕ್ಕೆ ಏಷ್ಯನ್ ವೆಜಿಟೇರಿಯನ್ ಎಂದು ಮುಂಚೆಯೇ ಬರೆಸಬೇಕು. ಸೀಟು ಓಡಾಡುವ ದಾರಿಯ ಪಕ್ಕದ್ದೇ ಇರಲಿ, ಎರಡು ಗಂಟೆಗೊಮ್ಮೆ ಎದ್ದು ಹಿಂದಿನವರೆಗೆ ನಡೆದು ಬನ್ನಿ. ನಾನು ಪಕ್ಕದವರನ್ನು ಏಳಿಸಬೇಕಲ್ಲ ಎಂದು ಕೂತೇ ಇದ್ದೆ. ಇಳಿಯುವಾಗ ಪಾದ ಊದಿ ಚಪ್ಪಲಿ ಹಿಡಿಸಲಿಲ್ಲ.

ನಿವೃತ್ತ ಬ್ಯಾಂಕಿನವ:
ಮೇಡಂ, ನೋಟಿನಲ್ಲಿ 3,000 ಡಾಲರ್‌ವರೆಗೆ ಒಯ್ಯಬಹುದು, ಆದರೆ ಮಗಳ ಮನೆಗೆ ಹೋಗುವವರಿಗೆ ಅಷ್ಟು ಬೇಕಿಲ್ಲ. 200-300 ಡಾಲರ್ ಸಾಕು, ಐದು, ಹತ್ತರ ನೋಟು ಕೇಳಿ ತೆಗೆದುಕೊಳ್ಳಿ. ಉಳಿದದ್ದನ್ನು ಫಾರೆಕ್ಸ್ ಕಾರ್ಡಿಗೆ, ಅಂದರೆ ಮುಂಚೆಯೇ ಡಾಲರ್ ತುಂಬಿಸಿಕೊಳ್ಳುವ ಕಾರ್ಡಿಗೆ, ಹಾಕಿಸಿ. ವಾರ ಮುಂಚೆಯೇ ನಿಮ್ಮ ಬ್ಯಾಂಕಿನಲ್ಲಿ ವಿಚಾರಿಸಿ, ವಿಮಾನ ನಿಲ್ದಾಣದ ಕೌಂಟರ್‌ಗಳಲ್ಲಿ ರೇಟು ಸಾಮಾನ್ಯವಾಗಿ ದುಬಾರಿ. ಕಾರ್ಡ್ ಉಜ್ಜುವಾಗ ರೂಪಾಯಿಯಾ ಡಾಲರಾ ಎಂದರೆ ಡಾಲರ್ ಎನ್ನಿ. ದುಡ್ಡಿಗಿಂತ ಮುಖ್ಯ ವಿಮೆ. ಅಲ್ಲಿ ಆಸ್ಪತ್ರೆ ಖರ್ಚು ತಡೆಯುವುದು ಕಷ್ಟ. ಈಗಾಗಲೇ ಇರುವ ಕಾಯಿಲೆಗೂ ಕೊಡುತ್ತಾರಾ ಎಂದು ಕೇಳಿಯೇ ಮಾಡಿಸಿ.

ತಿಪಟೂರಿನ ಅಮ್ಮ:
ತುಂಬಾ ಉಪಕಾರವಾಯಿತು. ವೀಲ್‌ಚೇರ್ ಇವತ್ತೇ ಹಾಕಿಸಿದೆ. ಕೊಬ್ಬರಿ ವಿಷಯ ಕೇಳಿ ಯಜಮಾನರು ಸ್ವಲ್ಪ ಹೊತ್ತು ಸುಮ್ನೆ ಕೂತರು, ಅವರೇ ಆರಿಸಿ ಇಟ್ಟಿದ್ದು. ಬಿಪಿ ಮಾತ್ರೆ ಎಲ್ಲಿ ಇಡಲಿ?

ಹಾಸನದವಳು:
ಕೈಚೀಲದಲ್ಲೇ ಅಕ್ಕ, ಡಾಕ್ಟರ್ ಚೀಟಿಯ ಜೊತೆ. ಪವರ್ ಬ್ಯಾಂಕ್ ಕೂಡ ಅದರಲ್ಲೇ. ಮಗಳ ವಿಳಾಸ, ಫೋನ್ ನಂಬರು ಕಾಗದದಲ್ಲಿ ಬರೆದು ಪಾಸ್‌ಪೋರ್ಟ್ ಒಳಗಿಡಿ, ಮೊಬೈಲ್ ಚಾರ್ಜ್ ಮುಗಿದರೂ ಕೈಯಲ್ಲಿರುತ್ತದೆ.