ಸಹಾಯ ಬೇಕು: ಆಫೀಸಲ್ಲಿ ಹೇಳಿಕೊಡೋ ಖುಷಿ ನಂಬ್ಕೊಂಡು ಟೀಚಿಂಗ್‌ಗೆ ಹೋಗಬಹುದಾ?

ಎಲ್ಲರಿಗೂ ನಮಸ್ಕಾರ. ಅಕೌಂಟ್ಸ್ ಕೆಲಸದ ಜೊತೆ ಹೊಸಬರಿಗೆ ಎಕ್ಸೆಲ್ ಹೇಳಿಕೊಡ್ತೀನಿ. ವಾರಕ್ಕೆರಡು ಸಲ, 45 ನಿಮಿಷ, ಆರೇಳು ಜನ. ಮನಸ್ಸು ತುಂಬೋದು ಇದರಲ್ಲೇ, ಅದಕ್ಕೇ ಟೀಚಿಂಗ್ ಯೋಚನೆ.

ಮೊದಲು ಪ್ರೊಜೆಕ್ಟರ್‌ನಲ್ಲಿ ನಾನೇ ಮಾಡಿ ತೋರಿಸ್ತಿದ್ದೆ. ಎಲ್ಲರೂ ತಲೆಯಾಡಿಸ್ತಿದ್ರು, ಸೀಟಿಗೆ ಹೋದ್ಮೇಲೆ ವಿ-ಲುಕಪ್ (VLOOKUP, ಪಟ್ಟಿಯಲ್ಲಿ ಹುಡುಕಿ ಅದರ ಜೊತೆಗಿರೋ ಮಾಹಿತಿ ತಂದುಕೊಡೋ ಎಕ್ಸೆಲ್ ಫಾರ್ಮುಲಾ) ಕೈಕೊಡ್ತಿತ್ತು. ಹೆಚ್ಚಾಗಿ ಎಡವೋದು ಎರಡು ಕಡೆ. ರೇಂಜ್‌ಗೆ (ಹುಡುಕೋ ಪಟ್ಟಿಯ ಜಾಗ) ಅದನ್ನ ಅಲುಗದಂತೆ ಹಿಡಿಯೋ ಡಾಲರ್ ಚಿಹ್ನೆ ಹಾಕದೆ ಫಾರ್ಮುಲಾ ಕೆಳಗೆ ಎಳೀತಾರೆ, ರೇಂಜೂ ಜೊತೆಗೇ ಜಾರುತ್ತೆ. ಇಲ್ಲಾ ಫಾರ್ಮುಲಾ ಕೊನೆಯ ಫಾಲ್ಸ್ (FALSE, ಪಕ್ಕಾ ಅದೇ ಸಿಕ್ಕಿದ್ರೆ ಮಾತ್ರ ತಗೋ ಅನ್ನೋ ಸೂಚನೆ) ಬಿಟ್ಟುಬಿಡ್ತಾರೆ. ಪಟ್ಟಿ ಸಾರ್ಟ್ ಆಗಿಲ್ಲದಿದ್ರೆ ಎಷ್ಟೋ ಸಲ ಎರರ್ ಕೂಡ ತೋರಿಸದೆ ತಪ್ಪು ಉತ್ತರ ಬಂದು ಕೂತಿರುತ್ತೆ (ಇದೇ ಹೆಚ್ಚು ಅಪಾಯ). ಈಗ ಡೆಮೊ 10 ನಿಮಿಷ ಅಷ್ಟೇ. 25 ನಿಮಿಷ ನಾನು ಬೇಕಂತಲೇ ಕೆಡಿಸಿಟ್ಟ ಶೀಟ್ ಸರಿಮಾಡೋದು, ಉಳಿದದ್ದು ಒಬ್ಬರಿಗೊಬ್ಬರು ವಿವರಿಸೋದು. ವಾರ ಬಿಟ್ಟು ಮುನ್ಸೂಚನೆ ಇಲ್ಲದೆ ಅದೇ ತರದ ಎರಡು ಲೆಕ್ಕ ಕೊಡ್ತೀನಿ. ಕಲಿತದ್ದು ಈಗ ನಿಲ್ತಿದೆ.

ಗೊಂದಲ ಇಲ್ಲಿದೆ: ಇವರೆಲ್ಲ ನಾಳೆ ಬೆಳಗ್ಗೆ ರಿಪೋರ್ಟ್ ಕಳಿಸಲೇಬೇಕಾದವರು, ಕಲಿಯೋ ಗರಜು ಅವರದ್ದೇ. ತರಗತಿಯಲ್ಲಿ 40 ಮಕ್ಕಳು, ಅರ್ಧ ಜನಕ್ಕೆ ಆ ವಿಷಯವೇ ಬೇಡ, ಮೇಲೆ ಸಿಲಬಸ್, ಪೇಪರ್ ತಿದ್ದೋದು. ಭಾನುವಾರ ಉಚಿತ ಪಾಠ ಮಾಡಿ ನೋಡಿದೆ. ಬಂದವರೆಲ್ಲ ಇಷ್ಟಪಟ್ಟೇ ಬಂದವರು, ಏನೂ ಗೊತ್ತಾಗಲಿಲ್ಲ.

ಕಂಪನಿ ಬಿಟ್ಟು ತರಗತಿಗೆ ಹೋದವರು ಹೇಳಿ: ಬೇಡದವರಿಗೂ ಕಲಿಸೋಕೆ ಆಗುತ್ತಾ ಅಂತ ಕೆಲಸ ಬಿಡೋ ಮೊದಲೇ ಹೇಗೆ ಪರೀಕ್ಷಿಸಿದ್ರಿ, ಎಷ್ಟು ವಾರ? ಅಥವಾ ನನ್ನಂಥವರಿಗೆ ಟ್ರೈನರ್ ಕೆಲಸವೇ ಸರಿನಾ?