ಅಷ್ಟು ಚಳಿ ನೀರಲ್ಲಿ ಪ್ಲ್ಯಾಂಕ್ಟನ್ ಅಷ್ಟೊಂದು ಹೇಗೆ?

ಪ್ರಶ್ನೆ:
ನಿನ್ನೆ ರಾತ್ರಿ ತಿಮಿಂಗಿಲದ್ದೊಂದು ಡಾಕ್ಯುಮೆಂಟರಿ ನೋಡ್ದೆ. ಅಂಟಾರ್ಕ್ಟಿಕಾವರೆಗೂ ಅವು ಹೋಗೋದೇ ಕ್ರಿಲ್ ಅನ್ನೋ ಸೀಗಡಿ ಥರದ ಪುಟ್ಟ ಜೀವಿ ತಿನ್ನೋಕಂತೆ, ಆ ಕ್ರಿಲ್ ಬದುಕೋದು ಪ್ಲ್ಯಾಂಕ್ಟನ್, ಅಂದ್ರೆ ನೀರಲ್ಲಿ ತೇಲೋ ಸಣ್ಣ ಸಣ್ಣ ಸಸ್ಯದಂಥ ಜೀವಿ ತಿಂದು. ನನ್ ಡೌಟು, ಬೆಳೆಯೋದಕ್ಕೆ ಬಿಸಿಲು, ಬೆಚ್ಚಗಿನ ಹವೆ ಬೇಕು ತಾನೆ? ಲಕ್ಷದ್ವೀಪದ ನೀರು ನೋಡಿದ್ರೆ ಗಾಜಿನ ಥರ ಖಾಲಿ, ಐಸ್ ಪಕ್ಕದ್ದು ಹಸಿರುಗಟ್ಟಿರತ್ತೆ. ಉಲ್ಟಾ ಅಲ್ವಾ?

ಉತ್ತರ 1:
ತಣ್ಣೀರಲ್ಲಿ ಆಕ್ಸಿಜನ್ ಜಾಸ್ತಿ ಕರಗತ್ತಲ್ಲ, ಅದಕ್ಕೇ ಇರ್ಬೇಕು ಗುರು.

ಉತ್ತರ 2:
ಅದಲ್ಲ. ಇಲ್ಲಿ ವಿಷಯ ಗೊಬ್ಬರದ್ದು. ಬೇಸಿಗೇಲಿ ಕೆರೆಗಿಳಿದ್ರೆ ಎದೆ ಹತ್ರ ಬೆಚ್ಚಗೆ, ಕಾಲ ಹತ್ರ ತಣ್ಣಗಿರತ್ತಲ್ಲ, ಉಷ್ಣವಲಯದ ಸಮುದ್ರ ಬಹಳಷ್ಟು ಕಡೆ ವರ್ಷಪೂರ್ತಿ ಹಂಗೇ, ಬಿಸಿನೀರು ಮುಚ್ಚಳ ಹಾಕ್ಕೊಂಡು ಕೂತಿರತ್ತೆ, ತಳದಲ್ಲಿರೋ ನೈಟ್ರೇಟ್ ಅನ್ನೋ ಗೊಬ್ಬರ ಮೇಲಕ್ಕೆ ಬರೋದೇ ಇಲ್ಲ. ಧ್ರುವದ ಕಡೆ ಚಳಿಗಾಲದ ಗಾಳಿಗೆ ನೀರು ಆಳದವರೆಗೂ ಕಲಕಿ ಗೊಬ್ಬರ ಮೇಲೆ ಬರತ್ತೆ, ಆದ್ರೆ ಆಗ ಬೆಳಕಿಲ್ಲ. ವಸಂತದಲ್ಲಿ ಐಸ್ ಕರಗಿದಾಗ ಉಪ್ಪು ಕಮ್ಮಿಯಿರೋ ಹಗುರ ನೀರು ಮೇಲೆ ತೆಳ್ಳಗೆ ಪದರ ಕಟ್ಟತ್ತೆ, ಪ್ಲ್ಯಾಂಕ್ಟನ್ ಆಳಕ್ಕೆ ಜಾರದೆ ಬಿಸಿಲಲ್ಲೇ ನಿಲ್ಲತ್ತೆ, ಗೊಬ್ಬರವೂ ಇದೆ, ಬೆಳಕೂ ಇದೆ, ಕೆಲವೇ ವಾರದಲ್ಲಿ ಸಮುದ್ರದ ಬಣ್ಣವೇ ಬದಲು. ಪದರ ಜಾಸ್ತಿ ಗಟ್ಟಿಯಾದ್ರೂ ಕಷ್ಟವೇ ಅನ್ನಿ, ಆರ್ಕ್ಟಿಕ್‌ನ ಕೆಲವು ಕಡೆ ಸಿಹಿನೀರೇ ಮುಚ್ಚಳ ಆಗಿ ಬೇಸಿಗೆ ಮಧ್ಯಕ್ಕೇ ನೈಟ್ರೇಟ್ ಖಾಲಿ.

ಉತ್ತರ 3 (ಮಲ್ಪೆಯಿಂದ):
ನಮ್ಮಲ್ಲೂ ಹಿಂಗೇ ಮಾರಾಯ್ರೆ, ಮಳೆಗಾಲದಲ್ಲಿ ಅಡಿಯ ತಣ್ಣೀರು ಮೇಲೆ ಬಂದು ನೀರು ಹಸಿರಾಗ್ತದೆ, ಬೂತಾಯಿ ಮೀನು ಬರುದೇ ಅದರ ಹಿಂದೆ.

ಪ್ರಶ್ನೆ ಕೇಳಿದವರು:
ಓ ಸರಿ. ಹಂಗಾದ್ರೆ ಅಂಟಾರ್ಕ್ಟಿಕಾ ಸುತ್ತ ಎಲ್ಲಾ ಕಡೆನೂ ಹಸಿರೇನಾ?

ಉತ್ತರ 2:
ಇಲ್ಲ, ಅದೇ ಮಜಾ. ದಕ್ಷಿಣ ಮಹಾಸಾಗರದ ಎಷ್ಟೋ ಕಡೆ ನೈಟ್ರೇಟ್ ರಾಶಿ ಬಿದ್ದಿದ್ರೂ ಪ್ಲ್ಯಾಂಕ್ಟನ್ ಅಷ್ಟಕ್ಕಷ್ಟೇ, ಯಾಕಂದ್ರೆ ಬೆಳೆಯೋಕೆ ಬೇಕಾದ ಕಬ್ಬಿಣ ಇಲ್ಲ. ನೆಲ ದೂರ, ಧೂಳು ಬೀಳಲ್ಲ. ಕೆರ್ಗುಲೆನ್ ಥರದ ದ್ವೀಪದ ಹತ್ರ ಕಬ್ಬಿಣ ಸಿಗತ್ತೆ, ಅಲ್ಲಿನ ಹಸಿರು ಸ್ಯಾಟಲೈಟ್‌ಗೂ ಕಾಣತ್ತೆ.

ಹಂಗಾದ್ರೆ ಕಬ್ಬಿಣ ಸುರಿದ್ಬಿಡಿ ಅಂತೀರ, ಸುರಿದಾಗಿದೆ! 2009ರಲ್ಲಿ ಗೋವಾದ ಸಾಗರ ವಿಜ್ಞಾನ ಸಂಸ್ಥೆ ಎನ್‌ಐಒ ಮತ್ತೆ ಜರ್ಮನಿಯ ಆಲ್ಫ್ರೆಡ್ ವೆಗೆನರ್ ಇನ್‌ಸ್ಟಿಟ್ಯೂಟ್ ಸೇರಿ ಪೋಲಾರ್‌ಸ್ಟರ್ನ್ ಹಡಗಲ್ಲಿ ಹೋಗಿ ಸುಮಾರು 300 ಚದರ ಕಿಲೋಮೀಟರ್ ನೀರಿಗೆ ಕಬ್ಬಿಣ ಹಾಕಿದ್ರು. ಹೆಸರು ಲೋಹಾಫೆಕ್ಸ್, ಹಿಂದಿ ಲೋಹಾದಿಂದ. ಎರಡು ವಾರ ಚೆನ್ನಾಗೇ ಬೆಳೀತು, ಆಮೇಲೆ ಕೋಪೆಪಾಡ್ ಅನ್ನೋ ಪುಟಾಣಿ ಪ್ರಾಣಿಗಳು ಬೆಳೆದಷ್ಟನ್ನೂ ಮೇಯ್ದು ಮುಗಿಸಿದ್ವು. ಗಾಜಿನ ಚಿಪ್ಪಿನ ಡಯಾಟಮ್ ಅನ್ನೋ ಪ್ಲ್ಯಾಂಕ್ಟನ್ ಇದ್ದಿದ್ರೆ ಅಷ್ಟು ಸುಲಭಕ್ಕೆ ತಿನ್ನೋಕಾಗ್ತಿರ್ಲಿಲ್ಲ, ಆದ್ರೆ ಆ ಚಿಪ್ಪಿಗೆ ಬೇಕಾದ ಸಿಲಿಕಾ ಅಲ್ಲಿ ಮೊದಲೇ ಮುಗಿದಿತ್ತು. ಪ್ಲ್ಯಾಂಕ್ಟನ್ ಹೀರಿದ ಕಾರ್ಬನ್ ತಳಕ್ಕೆ ಇಳಿದಿದ್ದು ಬಹಳ ಕಮ್ಮಿ.

ಪ್ರಶ್ನೆ ಕೇಳಿದವರು:
ಗೊಬ್ಬರ ಹಾಕಿದ್ದು ನಾವು, ಮೇಯ್ದಿದ್ದು ಪಕ್ಕದ್ಮನೆ ದನ ಅನ್ನೋ ಹಂಗಾಯ್ತು 😄